ತಕ್ಕಡಿಯ ನ್ಯಾಯ

ಹೋದ ಸುಗ್ಗಿಯ ದಿನಗಳಲ್ಲಿ ಒಂದು ಬೆಳಗ್ಗೆ ನಮ್ಮ ಬನ್ನೂರಿನ ಗುಜರಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಮನೆಯಲ್ಲಿ ಒಟ್ಟಿದ್ದ ಹಳೆಯ ಪತ್ರಿಕೆಗಳನ್ನು ಮಾರಲು ಹೋಗಿದ್ದವನು ನಾನು. ಆದ್ದರಿಂದ ಮುಂದೆ ಹೇಳಲಿರುವ ಮಾತನ್ನು ಗುಜರಿ ಅಂಗಡಿಯ ಮೆಟ್ಟಿಲನ್ನೇ ತುಳಿಯದ ದೊಡ್ಡ ಮನುಷ್ಯನ ಉಪದೇಶವೆಂದು ಯಾರೂ ಭಾವಿಸಬೇಕಾಗಿಲ್ಲ. ನನ್ನ ಸರದಿಗೆ ಮುಂಚೆ ಹಿರಿಯ ರೈತರೊಬ್ಬರು ಚೀಲದಿಂದ ಹಿತ್ತಾಳೆಯ ಸಾಮಾನುಗಳನ್ನು ಒಂದೊಂದಾಗಿ ತೆಗೆದು ತಕ್ಕಡಿಗೆ ಹಾಕುತ್ತಿದ್ದರು. ಮುರಿದ ನಲ್ಲಿ, ತೂತುಬಿದ್ದ ಚೊಂಬು, ಹಿಡಿ ಹೋದ ಸೌಟು. ಇವುಗಳ ಜೊತೆಗೆ ಎತ್ತಿನ ಕೊಂಬಿನ ತುದಿಗೆ ಹಾಕುವ ಕೊಂಬಣಸು ಒಂದು ಜೊತೆ.

ಆ ಕೊಂಬಣಸನ್ನು ಕೈಗೆ ತೆಗೆದುಕೊಂಡು ನೋಡಿದೆ. ತುದಿಯಲ್ಲಿ ಬಿರಿಯಲು ಸಿದ್ಧವಾದ ಮೊಗ್ಗು, ಅದರ ಕೆಳಗೆ ಮೂರು ಸುತ್ತು ಬಳೆ, ಬಳೆಗಳ ನಡುವೆ ಉಳಿಯಿಂದ ಎಬ್ಬಿಸಿದ ಬಳ್ಳಿ. ಎರಡರಲ್ಲಿ ಒಂದರ ಬಳ್ಳಿ ಬಲಕ್ಕೆ ಹರಿದಿತ್ತು, ಇನ್ನೊಂದರದು ಎಡಕ್ಕೆ. ಎಂದರೆ, ಎತ್ತು ಎದುರಿಗೆ ಬಂದು ನಿಂತಾಗ ಎರಡು ಬಳ್ಳಿಗಳೂ ಅದರ ಹಣೆಯ ಕಡೆಗೆ ಬಾಗಬೇಕೆಂದು ಮಾಡಿದವನು ಯೋಚಿಸಿದ್ದ. “ಇದನ್ನೂ ಮಾರ್ತೀರಾ?” ಎಂದೆ. “ಎತ್ತೇ ಇಲ್ಲ ಮೇಷ್ಟ್ರೇ. ಟ್ಯಾಕ್ಟರಿಗೆ ಕೊಂಬಿಲ್ವಲ್ಲ, ಯಾವುದಕ್ಕೆ ಹಾಕ್ಲಿ?” ಎಂದು ಆತ ನಕ್ಕರು. ನನ್ನಲ್ಲಿ ಉತ್ತರವಿರಲಿಲ್ಲ. ತೂಕವಾದ ಮೇಲೆ ಅಂಗಡಿಯ ಹುಡುಗ ಎರಡನ್ನೂ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿದ. “ಹಂಗೇ ಇಟ್ರೆ ಚೀಲದಲ್ಲಿ ಜಾಗ ತಿಂತದೆ ಸಾರ್” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಪತ್ರಿಕೆಗಳ ದುಡ್ಡು ಎಣಿಸಿಕೊಂಡು ಮನೆಗೆ ಬಂದೆ.

ದಾರಿಯಲ್ಲಿ ನೆನಪಾದದ್ದು 2023ನೆಯ ಇಸವಿಯ ಮೇ ತಿಂಗಳು. ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಕತ್ತಿಯೆಂದು ಹೆಸರಾದ ಕತ್ತಿಯೊಂದು ಆ ತಿಂಗಳು ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿ ಬಂದಾಗ ನಮ್ಮಲ್ಲಿ ಎಷ್ಟೊಂದು ಮಾತು! ಅದನ್ನು ಸರ್ಕಾರ ಕೊಂಡು ತರಬೇಕಾಗಿತ್ತೆಂದು ಕೆಲವರು. ಅಂಥವನ ಕತ್ತಿ ನಮಗೇಕೆಂದು ಕೆಲವರು. ರೂಪಾಯಿಗೆ ತಿರುಗಿಸಿದರೆ ಎಷ್ಟು ಕೋಟಿಯಾಯಿತೆಂದು ಬೆರಳು ಮಡಿಸಿದವರು ಎಲ್ಲರೂ. ಆ ಕತ್ತಿಯ ಹಿಡಿಯ ಉಕ್ಕಿನ ಮೇಲೆ ಚಿನ್ನದಲ್ಲಿ ಅಕ್ಷರಗಳನ್ನು ಕೂರಿಸಿದ ಕೈ ಯಾವುದು, ಆ ಕೈ ಆ ಕೆಲಸವನ್ನು ಮಾಡಿದ್ದು ಹೇಗೆ ಎಂದು ಮಾತ್ರ ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಲಂಡನ್ನಿನ ಹರಾಜಿನ ಸುತ್ತಿಗೆಗೂ ಬನ್ನೂರಿನ ಗುಜರಿಯ ತಕ್ಕಡಿಗೂ ಬಹಳ ಅಂತರವೆಂದು ನಾವು ತಿಳಿದಿದ್ದೇವೆ. ಒಂದು ನಮಗೆ ಅನ್ಯಾಯ ಮಾಡಿತೆಂದು ಕೂಗುತ್ತೇವೆ. ಇನ್ನೊಂದಕ್ಕೆ ನಾವೇ ಚೀಲ ಹೊತ್ತು ಹೋಗುತ್ತೇವೆ. ಎರಡೂ ಒಂದೇ ಮನೆಯ ಮಕ್ಕಳೆಂಬುದು ನನ್ನ ವಾದ. ಎರಡೂ ಕೇಳುವುದು ಒಂದೇ ಪ್ರಶ್ನೆ: ಎಷ್ಟಕ್ಕೆ? ಇದು ಏನು, ಯಾವುದರ ಭಾಗ, ಯಾರ ಕೆಲಸ ಎಂಬ ಪ್ರಶ್ನೆಗಳು ಆ ಎರಡು ಅಂಗಡಿಗಳಲ್ಲಿಯೂ ಬೆಲೆಗೆ ಒದಗಿದಷ್ಟು ಮಾತ್ರ ಏಳುತ್ತವೆ. ಅಂಗಡಿಯವರು ಹಾಗೆ ಮಾಡುವುದು ಅವರ ಕಸುಬು. ಓದಿದವರೆನಿಸಿಕೊಂಡ ನಾವೂ ಹಾಗೆಯೇ ಮಾಡುತ್ತಿರುವುದು ನಮ್ಮ ನಾಚಿಕೆಗೇಡು.

ಈ ಮಾತನ್ನು ಹೇಳಲು ಜಪಾನಿನವರೆಗೆ ಒಮ್ಮೆ ಹೋಗಿಬರಬೇಕಾಗಿದೆ. ಆ ದೇಶದ ಸಮುರಾಯಿ ಯೋಧರ ಹಳೆಯ ಶಿರಸ್ತ್ರಾಣಗಳ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಸಂಕ್ರಾಂತಿಯ ದಿನ ಸಿಂಗರಿಸಿ ನಿಲ್ಲಿಸಿದ ನಮ್ಮೂರ ಎತ್ತಿನ ಮುಖ. ನಗಬೇಡಿ. ‘ಕಬುತೊ’ ಎಂದು ಕರೆಯುವ ಆ ಶಿರಸ್ತ್ರಾಣದ ಬಟ್ಟಲನ್ನು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮೊಳೆ ಹೊಡೆದು ಕಟ್ಟುತ್ತಾರೆ. ಅದರ ನೆತ್ತಿಯ ರಂಧ್ರದ ಸುತ್ತ ಸೇವಂತಿಗೆಯಂತೆ ಎಸಳೆಸಳಾದ ಲೋಹದ ಹೂವು. ಹಣೆಯ ಮೇಲೆ ಎರಡು ಕೊಂಬುಗಳಂತೆ ಮೇಲಕ್ಕೆ ಚಾಚಿದ ಹೊಳೆಯುವ ತಗಡು. ಅದಕ್ಕೆ ‘ಕುವಗತ’ ಎಂದು ಹೆಸರು. ಗುದ್ದಲಿಯ ಆಕಾರದ್ದೆಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ನೀರಿನಲ್ಲಿ ಬೆಳೆಯುವ ಗಿಡವೊಂದರ ಎಲೆಯದ್ದೆನ್ನುವವರೂ ಉಂಟು. ಗುದ್ದಲಿಯಾದರೂ ಆಗಲಿ, ಎಲೆಯಾದರೂ ಆಗಲಿ, ಯೋಧನ ಹಣೆಯ ಮೇಲೆ ಏರಿ ಕುಳಿತದ್ದು ಗದ್ದೆಯ ವಸ್ತು. ಕಾವೇರಿಯ ನೀರುಂಡು ಭತ್ತ ಬೆಳೆಯುವ ನಮಗೆ ಇದು ಅಷ್ಟೇನೂ ದೂರದ ಮಾತಾಗಬಾರದು.

ಆ ಹಣೆಯ ಲಾಂಛನಗಳಲ್ಲಿ ಕೆಲವು ಜಗತ್ಪ್ರಸಿದ್ಧವಾಗಿವೆ. ದಾತೆ ಮಸಮುನೆ ಎಂಬ ದೊರೆಯ ಶಿರಸ್ತ್ರಾಣದ ಮೇಲೆ ಚಿನ್ನದ ಬಣ್ಣದ ಬಿದಿಗೆಯ ಚಂದ್ರ. ಅದರ ಒಂದು ಕೋಡು ಇನ್ನೊಂದಕ್ಕಿಂತ ಉದ್ದ. ಸೆಂದಾಯ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಅದನ್ನು ನೋಡಬಹುದು. ನಾವೊಎ ಕನೆತ್ಸುಗು ಎಂಬವನ ಶಿರಸ್ತ್ರಾಣದ ಮೇಲೆ ಪ್ರೀತಿ ಎಂಬ ಅರ್ಥದ ಒಂದೇ ಒಂದು ದೊಡ್ಡ ಅಕ್ಷರವಿದೆ. ಅದು ದೇವತೆಯೊಂದರ ಹೆಸರಿನ ಮೊದಲಕ್ಷರವೆಂದು ತಿಳಿದವರು ಹೇಳುತ್ತಾರೆ. ರಣರಂಗದ ಧೂಳಿನಲ್ಲಿ ಯಾರು ಯಾರೆಂದು ದೂರದಿಂದ ಗುರುತಿಸಲು ಇವು ಬೇಕಾಗಿದ್ದುವು. ಎಂದರೆ, ಇವು ಅಲಂಕಾರಕ್ಕೆ ಅಂಟಿಸಿದ ಒಡವೆಗಳೆಂದು ತಿಳಿಯುವುದು ತಪ್ಪು. ಇವು ಯೋಧನ ಹೆಸರು. ಅವನ ಮೊರೆ, ಅವನ ಹರಕೆ, ಅವನ ಜಂಬ, ಎಲ್ಲವೂ ಸೇರಿದ ಹೆಸರು.

ಇನ್ನು ಕೆಲಸದ ಮಾತಿಗೆ ಬರೋಣ. ಹಣೆಯ ಮೇಲಿನ ಈ ಕೊಂಬುಗಳು ನೋಡುವುದಕ್ಕೆ ಭಾರವಾಗಿ ಕಂಡರೂ ಸಾಮಾನ್ಯವಾಗಿ ತೆಳುವಾದ ತಾಮ್ರದ ತಗಡಿನವು. ಮೇಲೆ ಚಿನ್ನದ ಲೇಪ. ಹೊತ್ತವನ ಕುತ್ತಿಗೆ ನೋಯಬಾರದಲ್ಲವೆ? ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ತೆಗೆದಿಡುವಂತೆ ಅವಕ್ಕೆ ಕೊಂಡಿಯನ್ನೂ ಇಟ್ಟಿರುತ್ತಾರೆ. ಇನ್ನೊಂದು ವಿಚಿತ್ರವನ್ನು ಕೇಳಿ. ‘ಶಕುದೊ’ ಎಂಬ ಮಿಶ್ರಲೋಹವನ್ನು ಅವರು ಕತ್ತಿಯ ಸಜ್ಜುಗಳಿಗೂ ಕವಚದ ಒಡವೆಗಳಿಗೂ ಬಳಸುತ್ತಿದ್ದರು. ತಾಮ್ರಕ್ಕೆ ನೂರರಲ್ಲಿ ನಾಲ್ಕೈದು ಪಾಲು ಚಿನ್ನ ಬೆರೆಸುವುದು. ಅದನ್ನು ಒಂದು ಬಗೆಯ ದ್ರಾವಣದಲ್ಲಿ ಕುದಿಸುವುದು. ಆಗ ಅದು ಕಾಗೆಯ ರೆಕ್ಕೆಯಂಥ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ. ಚಿನ್ನವನ್ನು ಹಾಕುವುದು ಹೊಳಪಿಗಲ್ಲ, ಕಪ್ಪಿಗೆ! ನಮ್ಮ ಬೀದರಿನ ಕುಶಲಿಗಳೂ ಇದಕ್ಕೆ ಹತ್ತಿರದ ದಾರಿಯನ್ನೇ ಹಿಡಿದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಬಳಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹುಕ್ಕಾದ ಬುರುಡೆಯಿಂದ ಹೂದಾನಿಯವರೆಗೆ ಬಿದರಿ ಕೆಲಸ ಬಂದದ್ದು ಈ ಕಪ್ಪಿನ ಗುಟ್ಟಿನಿಂದ.

ಇವೆಲ್ಲದರಿಂದ ನನಗೆ ಕಂಡ ತತ್ತ್ವ ಒಂದಿದೆ. ಲೋಹದ ಕುಸುರಿ ಎಂದರೆ ಲೋಹವನ್ನು ಕಡಮೆ ಮಾಡುವ ವಿದ್ಯೆ. ತಗಡನ್ನು ತೆಳುವಾಗಿ ಬಡಿಯುವುದು, ಹಿಂಬದಿಯಿಂದ ಉಬ್ಬಿಸುವುದು, ಒಳಗೆ ಟೊಳ್ಳು ಬಿಡುವುದು, ಉಳಿಯಿಂದ ಕೊರೆದು ತೆಗೆಯುವುದು. ಹೀಗೆ ಕುಶಲಿಯ ಪ್ರತಿಯೊಂದು ಪೆಟ್ಟೂ ವಸ್ತುವಿನ ಭಾರವನ್ನು ಇಳಿಸಿ ಅದರ ರೂಪವನ್ನು ಏರಿಸುತ್ತದೆ. ತಕ್ಕಡಿಯಾದರೋ ಅವನು ಬೆವರು ಸುರಿಸಿ ಯಾವುದನ್ನು ತೆಗೆದುಹಾಕಿದನೋ ಅದಕ್ಕೆ ಮಾತ್ರ ಬೆಲೆ ಕಟ್ಟುತ್ತದೆ. ಕೆಲಸ ಹೆಚ್ಚಾದಷ್ಟೂ ತಕ್ಕಡಿಯ ಮುಂದೆ ವಸ್ತು ಬಡವಾಗುತ್ತದೆ. ಆ ರೈತರ ಕೊಂಬಣಸು ಎರಡೂ ಸೇರಿ ಒಂದು ಮುರಿದ ನಲ್ಲಿಗಿಂತ ಹಗುರವಾಗಿದ್ದುವು. ಆದ್ದರಿಂದ ನಲ್ಲಿಗೆ ಹೆಚ್ಚು ಬೆಲೆ ಬಂತು.

ಈ ತಕ್ಕಡಿಯ ನ್ಯಾಯ ನಮ್ಮ ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1799ರಲ್ಲಿ. ಆ ವರ್ಷ ಮಾರ್ಚ್ ತಿಂಗಳ ಕೊನೆಯಲ್ಲಿ ಜನರಲ್ ಹ್ಯಾರಿಸನ ದಂಡು ಮಳವಳ್ಳಿಯಲ್ಲಿ ಕಾದಿ, ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಮೇಲೆ ಹೋಯಿತು. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ. ಅರಮನೆಯಲ್ಲಿ ಎಂಟು ಮೂಲೆಯ ಸಿಂಹಾಸನವೊಂದಿತ್ತು. ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿ, ಮೈತುಂಬ ಹುಲಿಯ ಪಟ್ಟೆಗಳನ್ನು ಎಬ್ಬಿಸಿದ್ದರು. ಕೆಳಗೆ ದೊಡ್ಡದೊಂದು ಹುಲಿಯ ತಲೆ, ಸುತ್ತಲಿನ ಕಟಕಟೆಯ ಮೇಲೆ ಎಂಟು ಸಣ್ಣ ಹುಲಿತಲೆಗಳು, ಮೇಲೆ ಛತ್ರಿಯ ತುದಿಗೆ ರತ್ನಖಚಿತವಾದ ಹುಮಾ ಪಕ್ಷಿ. ಸಣ್ಣ ತಲೆಗಳು ಗಟ್ಟಿ ಚಿನ್ನದವಲ್ಲ. ಚಿನ್ನದ ತಗಡಿನ ಒಳಗೆ ಅರಗು ತುಂಬಿ, ಮೇಲೆ ವಜ್ರ, ಕೆಂಪು, ಪಚ್ಚೆಗಳನ್ನು ಕೂರಿಸಿದ್ದುವು. ಇಲ್ಲಿಯೂ ಅದೇ ವಿದ್ಯೆ: ಲೋಹ ಕಡಮೆ, ರೂಪ ಹೆಚ್ಚು.

ಗೆದ್ದ ಸೈನ್ಯಕ್ಕೆ ಲೂಟಿಯನ್ನು ಹಂಚಬೇಕಾಗಿತ್ತು. ಸಿಂಹಾಸನವನ್ನು ಹಂಚುವುದು ಹೇಗೆ? ಹಂಚಿಕೆಯ ಅಧಿಕಾರಿಗಳು ಅದನ್ನು ಒಡೆಸಿದರು. ಆಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿಗೆ ವಿಷಯ ತಿಳಿಯುವ ವೇಳೆಗೆ ಅದು ಚೂರುಚೂರಾಗಿತ್ತು. ಇಡಿಯಾಗಿ ತನ್ನ ದೊರೆಗೆ ಕಳುಹಿಸಬೇಕೆಂದಿದ್ದ ಅವನೇ ತನ್ನವರ ಈ ಅತಿ ಉತ್ಸಾಹಕ್ಕೆ ನೊಂದುಕೊಂಡ. ದೊಡ್ಡ ಹುಲಿತಲೆಯೂ ಹುಮಾ ಪಕ್ಷಿಯೂ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸಣ್ಣ ತಲೆಗಳಲ್ಲಿ ಒಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಇನ್ನೊಂದು 2009ರಲ್ಲಿ ಲಂಡನ್ನಿನಲ್ಲಿ ಮೂರೂಮುಕ್ಕಾಲು ಲಕ್ಷ ಪೌಂಡಿಗೂ ಮೇಲ್ಪಟ್ಟು ಹರಾಜಾಯಿತು. 2021ರಲ್ಲಿ ಮತ್ತೊಂದು ತಲೆಗೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ಬ್ರಿಟನ್ನನ್ನು ಬಿಟ್ಟು ಹೋಗದಂತೆ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ತಾವೇ ಒಡೆದದ್ದರ ಚೂರು ತಮ್ಮ ನಾಡಿನ ಸೊತ್ತು, ಹೊರಗೆ ಹೋಗಕೂಡದು! ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು.

ಆದರೆ ಸಿಟ್ಟು ಇಳಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಯಿತು. ಒಡೆದವರು ಅವರೇ, ದಿಟ. ಆದರೆ ಚೂರು ಎಲ್ಲಿದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಷ್ಟು ಎತ್ತರ, ಯಾವ ಕಲ್ಲು ಎಲ್ಲಿ ಕೂತಿದೆ ಎಂಬುದನ್ನು ಬರೆದಿಟ್ಟವರೂ ಅವರೇ. ಅವರು ಬರೆದಿಟ್ಟದ್ದರಿಂದ ನಾನು ಬನ್ನೂರಿನಲ್ಲಿ ಕುಳಿತು ಇಷ್ಟನ್ನು ಹೇಳಬಲ್ಲೆ. ನನ್ನ ಕಣ್ಣೆದುರಿಗೆ ಚಪ್ಪಟೆಯಾದ ಕೊಂಬಣಸು ಯಾವ ಊರಿನದು, ಯಾವ ಕಂಚುಗಾರನದು, ಎಷ್ಟು ತಲೆಮಾರಿನದು ಎಂದು ಕೇಳಿದರೆ ನಾನು ಏನು ಹೇಳಲಿ? ಆ ರೈತರನ್ನು ಕೇಳಿಕೊಳ್ಳುವ ಬುದ್ಧಿಯೂ ಆಗ ನನಗೆ ಬರಲಿಲ್ಲ. ಒಡೆದ ಪಾಪ ಅವರದಾದರೆ, ಮರೆತ ಪಾಪ ನಮ್ಮದು.

ಟಿಪ್ಪುವಿನ ಹೆಸರೆತ್ತಿದೊಡನೆ ನಮ್ಮಲ್ಲಿ ಜಗಳ ಏಳುವುದೇನೋ ದಿಟ. ಅವನು ವೀರನೋ ಕ್ರೂರಿಯೋ ಎಂಬ ತೀರ್ಮಾನ ಈ ಬರಹದ ಕೆಲಸವಲ್ಲ. ನನ್ನ ಕೊರಗು ಬೇರೆ. ಇಷ್ಟು ವರ್ಷಗಳ ಈ ಜಗಳದ ಗದ್ದಲದಲ್ಲಿ ಆ ಹುಲಿಗಳನ್ನು ಮಾಡಿದವನ ದನಿ ಅಡಗಿಹೋಯಿತು. ಕೋವಿಯ ಕುದುರೆಯ ಮೇಲೆ, ಫಿರಂಗಿಯ ಬಾಯಿಯಲ್ಲಿ, ಕತ್ತಿಯ ಹಿಡಿಯಲ್ಲಿ, ಸಿಪಾಯಿಯ ಅಂಗಿಯ ಪಟ್ಟೆಯಲ್ಲಿ ಒಂದೇ ಹುಲಿಯನ್ನು ನೂರು ಬಗೆಯಲ್ಲಿ ಬಾಳಿಸಿದ ಕಮ್ಮಾರ, ಕಂಚುಗಾರ, ಅಕ್ಕಸಾಲಿಗಳು ಯಾರು? ದೊರೆಯನ್ನು ಹೊಗಳುವವರೂ ಕೇಳಲಿಲ್ಲ, ತೆಗಳುವವರೂ ಕೇಳಲಿಲ್ಲ. ಜಪಾನಿನಲ್ಲಿ ಮ್ಯೋಚಿನ್ ಎಂಬ ಕುಶಲಿಗಳ ಮನೆತನದವರು ಶಿರಸ್ತ್ರಾಣದ ಬಟ್ಟಲಿನ ಒಳಮೈಯಲ್ಲಿ ತಮ್ಮ ಹೆಸರನ್ನು ಕೊರೆಯುತ್ತಿದ್ದರು. ಹೊರಗೆ ಯೋಧನ ಹೆಸರು, ಒಳಗೆ ಮಾಡಿದವನ ಹೆಸರು. ಅದನ್ನು ಧರಿಸಿದವನ ತಲೆ ತನ್ನ ಕುಶಲಿಯ ಹೆಸರನ್ನು ಮುಟ್ಟಿಕೊಂಡೇ ಇರಬೇಕು. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋರದು.

ಹೆಸರು ಕೊರೆಯುವುದು ನಮಗೆ ಗೊತ್ತಿರಲಿಲ್ಲವೆ? ಬನ್ನೂರಿನಿಂದ ಏಳೆಂಟು ಕಿಲೋಮೀಟರು ಹೋದರೆ ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ವಿಗ್ರಹಗಳ ಪೀಠದ ಮೇಲೆ ತನ್ನ ಹೆಸರನ್ನು ಕೊರೆದಿದ್ದಾನೆ. ಆ ವಿಗ್ರಹಗಳ ಕಿರೀಟಗಳನ್ನು ಹತ್ತಿರದಿಂದ ನೋಡಿ. ಮಣಿಸಾಲು, ಎಲೆಯ ಅಂಚು, ಪದಕದ ಸುತ್ತಿನ ಸಣ್ಣ ಗುಂಡುಗಳು, ಎಲ್ಲವೂ ಚಿನ್ನಗೆಲಸದ ನಡೆ. ಶಿಲ್ಪಿ ಉಳಿ ಹಿಡಿದಾಗ ಅವನ ಕಣ್ಣೆದುರಿಗೆ ಅಕ್ಕಸಾಲಿಯ ಕೆಲಸವಿದ್ದಿರಲೇಬೇಕು. ಆ ಚಿನ್ನ ಇಂದು ನಮ್ಮ ಕಣ್ಣಿಗೆ ಇಲ್ಲ. ಕರಗಿಸಿದರೆ ಲಾಭವಾಗುವ ವಸ್ತು ಎಂಟು ಶತಮಾನ ಉಳಿಯುವುದೆಂತು? ಕರಗಿಸಲಾಗದ ಕಲ್ಲು ಮಾತ್ರ ಅದರ ಸಾಕ್ಷಿ ಹೇಳುತ್ತ ನಿಂತಿದೆ. ಕಲ್ಲನ್ನು ನಾವು ಕಾದೆವು. 1885ರಲ್ಲಿಯೇ ಮೈಸೂರು ಸಂಸ್ಥಾನ ಪುರಾತತ್ತ್ವ ಇಲಾಖೆಯನ್ನು ತೆರೆಯಿತು, ರೈಸ್ ಸಾಹೇಬರು ತಾಲ್ಲೂಕು ತಾಲ್ಲೂಕಿನ ಶಾಸನಗಳನ್ನು ಪಟ್ಟಿಮಾಡಿಸಿದರು, ಆರ್. ನರಸಿಂಹಾಚಾರ್ಯರು ಸೋಮನಾಥಪುರದ ದೇವಾಲಯದ ಮೇಲೆ 1917ರಲ್ಲಿ ಒಂದು ಪುಸ್ತಕವನ್ನೇ ಬರೆದರು. 2023ರಲ್ಲಿ ಅದು ಬೇಲೂರು, ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇದೆಲ್ಲ ಹೆಮ್ಮೆಯ ಮಾತೇ. ಆದರೆ ಆ ದೇವಾಲಯದ ಸುತ್ತಿನ ಹಳ್ಳಿಗಳ ಅಟ್ಟಗಳಲ್ಲಿ ಉಳಿದ ಲೋಹವನ್ನು ಪಟ್ಟಿಮಾಡುವ ರೈಸ್ ಸಾಹೇಬರು ಇನ್ನೂ ಹುಟ್ಟಬೇಕಾಗಿದೆ.

ನನ್ನ ವಾದಕ್ಕೆ ಆಕ್ಷೇಪಣೆಗಳು ಇದ್ದೇ ಇವೆ. ಮೊದಲನೆಯದು: ಇವೆಲ್ಲ ಕೊಲೆಯ ಸಾಧನಗಳು, ಪ್ರಜಾಪ್ರಭುತ್ವದಲ್ಲಿ ಶಿರಸ್ತ್ರಾಣದ ಸೊಬಗಿಗೂ ಸಿಂಹಾಸನದ ಹುಲಿಗೂ ಅಳುವುದೇಕೆ? ಕೊಲೆಯ ಲೆಕ್ಕವನ್ನು ಕೊಲ್ಲಿಸಿದವನು ಕೊಡಲಿ. ಹೂವು ಬಳ್ಳಿ ಎಬ್ಬಿಸಿದವನು ಕೂಲಿಯವನು. ಅವನಿಗೆ ಸಿಕ್ಕಿದ ತಗಡಿನ ಮೇಲೆ ಅವನು ತನ್ನ ವಿದ್ಯೆಯನ್ನು ತೋರಿದ. ಅದೇ ಉಳಿ ಮರುದಿನ ದೇವರ ಪ್ರಭಾವಳಿಗೂ ಎತ್ತಿನ ಕೊಂಬಣಸಿಗೂ ನಡೆಯುತ್ತದೆ. ದೊರೆಯ ಮೇಲಿನ ಕೋಪಕ್ಕೆ ಅಕ್ಕಸಾಲಿಯ ವಿದ್ಯೆಯನ್ನು ಸುಡುವುದು ಪ್ರಜಾಪ್ರಭುತ್ವವೇನಲ್ಲ.

ಎರಡನೆಯದು ಹೆಚ್ಚು ತೂಕದ ಮಾತು: ಬಡವನ ಮನೆಯ ಹಿತ್ತಾಳೆ ಅವನ ಆಪದ್ಧನ. ಮಗಳ ಶಾಲೆಯ ಫೀಜಿಗೋ ಮಡದಿಯ ಔಷಧಕ್ಕೋ ಅವನು ಮಾರಿದರೆ, ಹೊಟ್ಟೆ ತುಂಬಿದ ಮೇಷ್ಟರು ಬೇಡವೆನ್ನಲು ಯಾರು? ಒಪ್ಪುತ್ತೇನೆ. ಆ ರೈತರ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಎತ್ತು ಹೋದ ಮೇಲೆ ಕೊಂಬಣಸನ್ನು ಇಟ್ಟುಕೊಂಡು ಅವರು ಮಾಡುವುದೇನು? ನನ್ನ ಪ್ರಶ್ನೆ ಇಷ್ಟೇ: ಮಾರಲು ಹೊರಟ ಅವರ ಮುಂದೆ ತಕ್ಕಡಿಯ ಹೊರತು ಬೇರೊಂದು ಬಾಗಿಲನ್ನು ನಾವು ಏಕೆ ತೆರೆದಿಡಲಿಲ್ಲ? ತೂಕಕ್ಕೆ ಇಷ್ಟು, ಕೆಲಸಕ್ಕೆ ಇಷ್ಟು ಎಂದು ಹೇಳುವವರು ತಾಲ್ಲೂಕಿಗೆ ಒಬ್ಬರಿದ್ದರೂ ಆ ದಿನ ಅವರ ಕೈಗೆ ಇನ್ನೂ ನಾಲ್ಕು ಕಾಸು ಹೆಚ್ಚಾಗಿ ಬರುತ್ತಿತ್ತು, ವಸ್ತುವೂ ಉಳಿಯುತ್ತಿತ್ತು. ತಕ್ಕಡಿಯ ನ್ಯಾಯದಲ್ಲಿ ಮೊದಲು ಮೋಸ ಹೋಗುವವನು ಬಡವನೇ.

ಮೂರನೆಯ ಆಕ್ಷೇಪಣೆಯವರು ಕಾನೂನನ್ನು ತೋರಿಸುತ್ತಾರೆ. ಹೌದು, 1972ರ ಕೇಂದ್ರ ಕಾನೂನಿನಂತೆ ನೂರು ವರ್ಷಕ್ಕೆ ಮೇಲ್ಪಟ್ಟ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಒಳ್ಳೆಯದು. ಆದರೆ ಗಡಿಯನ್ನು ಕಾಯುವವನು ಕುಲುಮೆಯನ್ನು ಕಾಯುವುದು ಹೇಗೆ? ಯಾವ ಪಟ್ಟಿಯಲ್ಲಿಯೂ ಇಲ್ಲದ ವಸ್ತು ಕರಗಿದರೆ, ಕರಗಿತೆಂದು ದೂರು ಕೊಡುವವರಾದರೂ ಯಾರು?

ನಮಗೆ ಕಾಯಲು ಬರುವುದಿಲ್ಲವೆಂದು ಮಾತ್ರ ಯಾರೂ ಹೇಳಬೇಡಿ. ಮೇಲುಕೋಟೆಯ ವೈರಮುಡಿಯನ್ನು ನೋಡಿ. ಅದೂ ತಲೆಯ ಮೇಲಿನ ಒಡವೆಯೇ. ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿ ಭದ್ರವಾಗಿದ್ದು, ಉತ್ಸವದ ದಿನ ಪೊಲೀಸರ ಕಾವಲಿನಲ್ಲಿ ದಾರಿಯುದ್ದಕ್ಕೂ ಹಳ್ಳಿಹಳ್ಳಿಯ ಪೂಜೆ ಪಡೆದು ಬಂದು, ರಾತ್ರಿ ಚೆಲುವನಾರಾಯಣನ ಮುಡಿಯನ್ನೇರಿ, ಮತ್ತೆ ಖಜಾನೆಗೆ ಹೋಗುತ್ತದೆ. ರಾಜ ಒಡೆಯರು ಕೊಟ್ಟ ರಾಜಮುಡಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿಯೂ ಹೀಗೆಯೇ ಉಳಿದುಬಂದಿವೆ. ಒಡವೆ ಗಾಜಿನ ಪೆಟ್ಟಿಗೆಯ ಅನಾಥನಾಗದೆ, ತಾನು ಏರಬೇಕಾದ ತಲೆಯನ್ನು ವರ್ಷಕ್ಕೊಮ್ಮೆ ಏರುತ್ತ ಸುರಕ್ಷಿತವಾಗಿಯೂ ಇರಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಒಂದು ಸಂದೇಹ ನನ್ನನ್ನು ಕೊರೆಯುತ್ತದೆ. ವೈರಮುಡಿಯಲ್ಲಿ ವಜ್ರ ಇಲ್ಲದೆ ಹಿತ್ತಾಳೆಯ ಕುಸುರಿ ಮಾತ್ರ ಇದ್ದಿದ್ದರೆ, ದೇವರ ಭಕ್ತಿ ಒಂದರಿಂದಲೇ ನಾವು ಅದಕ್ಕೆ ಇಷ್ಟು ಕಾವಲು ಹಾಕುತ್ತಿದ್ದೆವೆ? ಭಕ್ತಿಯ ಜೊತೆಗೆ ತಕ್ಕಡಿಯೂ ಅಲ್ಲಿ ಒಂದು ಕೈ ಹಿಡಿದಿಲ್ಲವೆ?

ಜಪಾನೀಯರು ಹುಟ್ಟಿನಿಂದ ಜಾಣರೆಂದು ಹೇಳುವುದು ನನ್ನ ಉದ್ದೇಶವಲ್ಲ. ಅವರೂ ಎಡವಿದವರೇ. 1876ರಲ್ಲಿ ಸಮುರಾಯಿಗಳು ಕತ್ತಿ ಧರಿಸಬಾರದೆಂಬ ಆಜ್ಞೆ ಹೊರಟ ಮೇಲೆ ಹಳೆಯ ಕವಚ, ಶಿರಸ್ತ್ರಾಣ, ಕತ್ತಿಯ ಸಜ್ಜುಗಳು ಅಗ್ಗಕ್ಕೆ ಹೊರದೇಶದವರ ಪಾಲಾದುವು. ಒಡವೆಯೊಂದು ಕಡೆ, ಬಟ್ಟಲೊಂದು ಕಡೆ ಚದುರಿಹೋದುವು. ಕಸುಬು ಕಳೆದುಕೊಂಡ ಲೋಹಗೆಲಸದವರು ಹೂದಾನಿ, ಧೂಪದಾನಿಗಳನ್ನು ಮಾಡಿ ಬದುಕಬೇಕಾಯಿತು. ಆದರೆ ಕಳೆದುಕೊಂಡದ್ದು ಏನೆಂದು ಅವರಿಗೆ ಬೇಗ ಹೊಳೆಯಿತು. 1897ರಲ್ಲಿ ಹಳೆಯ ದೇವಾಲಯಗಳ ಸೊತ್ತನ್ನು ಕಾಯುವ ಕಾನೂನನ್ನು ತಂದರು. 1950ರ ಕಾನೂನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಸ್ತುವಿನಂತೆಯೇ ಅದನ್ನು ಮಾಡುವ ವಿದ್ಯೆಯೂ ನಾಡಿನ ಸೊತ್ತೆಂದು ಎಣಿಸಿದರು. ನಾರಾದ ಕಸುಗ ದೇವಾಲಯದಲ್ಲಿ ಹದಿಮೂರು-ಹದಿನಾಲ್ಕನೆಯ ಶತಮಾನದ ಕಾಲದ ಕವಚವೊಂದಿದೆ. ಅದರ ಲೋಹದ ಒಡವೆಗಳಲ್ಲಿ ಬಿದಿರು, ಗುಬ್ಬಚ್ಚಿ, ಹುಲಿ. ಜಪಾನಿನ ಕಾಡಿನಲ್ಲಿ ಹುಲಿಯಿಲ್ಲ. ಕುಶಲಿ ಅದನ್ನು ಪರದೇಶದ ಚಿತ್ರಗಳಿಂದಲೋ ಚರ್ಮದಿಂದಲೋ ಊಹಿಸಿ ಮಾಡಿರಬೇಕು. ಆ ಊಹೆಯ ಹುಲಿ ದೇವರಿಗೆ ಒಪ್ಪಿಸಿದ ಕವಚದ ಮೇಲೆ ಇಡಿಯಾಗಿ ಕುಳಿತಿದೆ, ರಾಷ್ಟ್ರದ ನಿಧಿಯೆಂದು ಹೆಸರಾಗಿದೆ. ಹುಲಿಯನ್ನು ಕಣ್ಣಾರೆ ಕಂಡವರ ನಾಡಿನಲ್ಲಿ ಮಾಡಿದ ನಮ್ಮ ಹುಲಿಯಾದರೋ ತಲೆಯೊಂದು ಕಡೆ, ಪಟ್ಟೆಯೊಂದು ಕಡೆ.

ಇನ್ನೂ ಒಂದು ಸಂಗ್ರಹಾಲಯ ಅವರಿಗಿದೆ; ಅದು ಮನೆ. ಪ್ರತಿ ವರ್ಷ ಮೇ 5, ಅಲ್ಲಿ ಮಕ್ಕಳ ದಿನ. ಅದಕ್ಕೆ ಮುಂಚಿತವಾಗಿಯೇ ಗಂಡುಮಕ್ಕಳಿರುವ ಮನೆಗಳಲ್ಲಿ ಪೆಟ್ಟಿಗೆಯಿಂದ ಸಣ್ಣ ಶಿರಸ್ತ್ರಾಣವೊಂದನ್ನು ತೆಗೆದು, ಹಣೆಯ ಕೊಂಬುಗಳನ್ನು ಸಿಕ್ಕಿಸಿ, ನಡುಮನೆಯಲ್ಲಿ ಇಡುತ್ತಾರೆ. ಮಗು ಕೇಳುತ್ತದೆ, ಅಜ್ಜ ಹೇಳುತ್ತಾನೆ. ನಮ್ಮ ಸಿಂಹಾಸನದ ಒಡೆಯ ಬಿದ್ದದ್ದು ಮೇ 4. ಪಂಚಾಂಗದಲ್ಲಿ ಒಂದೇ ದಿನದ ಅಂತರ. ನಡೆಯಲ್ಲಿ ಎಷ್ಟು ದೂರ!

ಹಾಗಾದರೆ ಮಾಡಬೇಕಾದದ್ದೇನು? ಲಂಡನ್ನಿನಿಂದ ತರಿಸುವ ಮಾತನ್ನು ದೊಡ್ಡವರು ಆಡಿಕೊಳ್ಳಲಿ. ಅದಕ್ಕೆ ಕೋಟಿ ಬೇಕು. ನಾನು ಹೇಳುವುದಕ್ಕೆ ಒಂದು ನೋಟು ಪುಸ್ತಕ ಸಾಕು. ಅಟ್ಟದ ಮೇಲಿನ ಕೊಂಬಣಸು, ಗೆಜ್ಜೆಪಟ್ಟಿ, ವೀರಗಾಸೆಯವರ ಎದೆಯ ಹಲಗೆ, ಊರದೇವರ ಮುಖವಾಡ, ಪ್ರಭಾವಳಿ, ಇವುಗಳಲ್ಲಿ ಯಾವುದು ಯಾರ ಮನೆಯಲ್ಲಿದೆ, ಯಾರು ಮಾಡಿದರೆಂದು ಹಿರಿಯರು ಹೇಳುತ್ತಾರೆ, ಹೇಗೆ ಬಳಸುತ್ತಿದ್ದರು ಎಂದು ಪ್ರತಿ ಊರಿನ ಶಾಲೆಯವರು ಬರೆದಿಡಲಿ. ಈಗ ಎಲ್ಲರ ಜೇಬಿನಲ್ಲಿಯೂ ಫೋಟೋ ತೆಗೆಯುವ ಯಂತ್ರವಿದೆ. ಅದು ಮುಖ ನೋಡಿಕೊಳ್ಳುವುದಕ್ಕೆ ಮಾತ್ರ ಮೀಸಲಾಗಬೇಕಿಲ್ಲ. ಕಳ್ಳರ ಕಣ್ಣು ಬೀಳದಂತೆ ಪಟ್ಟಿಯನ್ನು ಊರಿನವರ ವಶದಲ್ಲಿಯೇ ಇಡಬಹುದು. ಮಾರಲೇಬೇಕಾದವರಿಗೆ ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಂಥ, ರಾಮನಗರದ ಜಾನಪದ ಲೋಕದಂಥ ಕಡೆಗಳ ದಾರಿಯನ್ನು ತೋರಿಸಲಿ. ಅಲ್ಲಿಗೆ ಹೋಗುವಾಗ ವಸ್ತುವಿನ ಕೊರಳಿಗೆ ಅದರ ಕಥೆಯನ್ನೂ ಕಟ್ಟಿ ಕಳುಹಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಾಗಿ ದೇವರಿಗೆ ಒಡವೆ ಮಾಡಿಸುವ ಭಕ್ತರು ಅಚ್ಚೊತ್ತಿದ ತಗಡನ್ನು ಕೊಳ್ಳುವ ಮುಂಚೆ ಉಳಿ ಹಿಡಿಯಬಲ್ಲ ಕೈ ತಾಲ್ಲೂಕಿನಲ್ಲಿ ಇನ್ನೂ ಉಳಿದಿದೆಯೇ ಎಂದು ವಿಚಾರಿಸಲಿ. ಅವನಿಗೆ ತೂಕದ ಮೇಲೆ ಕೂಲಿ ಕೊಡದೆ ದಿನದ ಮೇಲೆ ಕೂಲಿ ಕೊಡಲಿ. ಒಳಮೈಯಲ್ಲಿ ಅವನ ಹೆಸರನ್ನು ಕೊರೆಯಿಸಲಿ. ದಾನಿಯ ಹೆಸರು ಹೊರಗೆ ದಪ್ಪಕ್ಷರದಲ್ಲಿ ಇರುವಾಗ ಇಷ್ಟಕ್ಕೆ ಜಾಗ ಸಿಕ್ಕದೆ?

ಮುಂದಿನ ಸಂಕ್ರಾಂತಿಗೆ ನಾನೊಂದು ಕೆಲಸ ಮಾಡಬೇಕೆಂದಿದ್ದೇನೆ. ನಮ್ಮ ಬೀದಿಯಲ್ಲಿ ಕಿಚ್ಚು ಹಾಯಿಸಲು ಈಗ ಉಳಿದಿರುವ ಜೋಡಿಗಳು ಬೆರಳೆಣಿಕೆಯವು. ಆ ದಿನ ಎತ್ತಿಲ್ಲದ ಮನೆಗಳವರೂ ಅಟ್ಟ ಹತ್ತಿ, ಇದ್ದ ಕೊಂಬಣಸನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಜಗಲಿಯ ಮೇಲೆ ಇಡಬೇಕೆಂದು ಮನೆಮನೆಗೆ ಹೋಗಿ ಕೇಳುವುದು. ಜೊತೆಗೆ ನೋಟು ಪುಸ್ತಕವನ್ನು ಒಯ್ಯುವುದು. ಕೆಲವರು ನಕ್ಕಾರು; ನಗಲಿ. ಆ ಹಿರಿಯ ರೈತರ ಮನೆಗೂ ಹೋಗುತ್ತೇನೆ. ಅವರಲ್ಲಿ ಈಗ ಇಡಲು ಏನೂ ಇಲ್ಲ. ಆದರೆ ಆ ಜೊತೆಯನ್ನು ಯಾರು ಮಾಡಿದರೆಂದು ಅವರು ಬಲ್ಲರೋ ಏನೋ. ಅಂದು ಗುಜರಿ ಅಂಗಡಿಯ ಮುಂದೆ ಕೇಳದೆ ಬಿಟ್ಟ ಆ ಮಾತನ್ನು ಈಗಲಾದರೂ ಕೇಳಬೇಕಾಗಿದೆ.